ಮಾತುಂಟು, ಮತವಿಲ್ಲ

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳಿದ್ದು ಬಂದ ನಮ್ಮ ಹಿರಿಯ ಸದಸ್ಯರೊಬ್ಬರು ಕಳೆದ ತಿಂಗಳು ಸಂಘದ ವಾಚನಾಲಯದಲ್ಲಿ ಸಿಕ್ಕಿದ್ದರು. ಮಗ, ಸೊಸೆ, ಮೊಮ್ಮಕ್ಕಳೊಡನೆ ಪೋರ್ಟೊ ರಿಕೊ ದ್ವೀಪವನ್ನೂ ನೋಡಿಕೊಂಡು ಬಂದಿದ್ದರು. ಸಮುದ್ರ, ತೆಂಗು, ಬಾಳೆ, "ಥೇಟು ನಮ್ಮ ಮಲ್ಪೆಯೇ" ಎಂದು ಬಣ್ಣಿಸಿದ ಮೇಲೆ ರಾಯರು ಹೇಳಿದ್ದು ಇಷ್ಟು: "ಅಲ್ಲಿಯವರಿಗೆ ಹುಟ್ಟುತ್ತಲೇ ಅಮೆರಿಕದ ಪೌರತ್ವ. ನಮ್ಮ ಹುಡುಗರು ಗ್ರೀನ್ ಕಾರ್ಡಿಗೆ ಕಾದು ಕಾದು ತಲೆ ನರೆಸಿಕೊಳ್ಳುತ್ತಾರೆ. ಇಷ್ಟಾದರೂ ಆ ಜನ ತಮ್ಮದು ವಸಾಹತು ಎಂದು ಗೊಣಗುತ್ತಾರಲ್ಲ! ಹೊಟ್ಟೆ ತುಂಬಿದವರ ಮಾತು." ಸುತ್ತ ಕುಳಿತಿದ್ದವರು ತಲೆಯಾಡಿಸಿದರು. ನನಗೆ ಆಗಲಿಲ್ಲ. ಉತ್ತರ ಹೇಳುವಷ್ಟರಲ್ಲಿ ಕಾಫಿ ಬಂತು, ಮಾತು ಬೇರೆ ಕಡೆಗೆ ಹರಿಯಿತು. ಅಂದು ಹೇಳಲಾಗದ್ದನ್ನು ಸಂಪಾದಕರ ಕೃಪೆಯಿಂದ ಇಂದು ಹೇಳುತ್ತಿದ್ದೇನೆ.

ಗೊಣಗುತ್ತಾರೆಂಬುದು ನಿಜ. ಏಕೆ ಗೊಣಗುತ್ತಾರೆಂದು ಯಾರಾದರೂ ಕೇಳಿದ್ದುಂಟೇ? 2020ರ ಜನಗಣತಿಯಂತೆ ಆ ದ್ವೀಪದಲ್ಲಿ ಸುಮಾರು 33 ಲಕ್ಷ ಜನ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಆರು ಲಕ್ಷವೂ ಇಲ್ಲ. ಆ ಆರು ಲಕ್ಷಕ್ಕೆ ಇಬ್ಬರು ಸೆನೆಟರುಗಳು, ಮತವುಳ್ಳ ಒಬ್ಬ ಪ್ರತಿನಿಧಿ. ಈ 33 ಲಕ್ಷಕ್ಕೆ ಸೆನೆಟ್ಟಿನಲ್ಲಿ ಯಾರೂ ಇಲ್ಲ, ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಪ್ರತಿನಿಧಿ ಸಭೆಗೆ 'ರೆಸಿಡೆಂಟ್ ಕಮಿಷನರ್' ಎಂಬ ಒಬ್ಬರನ್ನು ಆರಿಸಿ ಕಳಿಸಬಹುದು. ಅವರು ಭಾಷಣ ಮಾಡಬಹುದು, ಮಸೂದೆ ಮಂಡಿಸಬಹುದು. ಕಾನೂನಿಗೆ ಕೊನೆಯ ಮತ ಬೀಳುವ ಹೊತ್ತಿಗೆ ಮಾತ್ರ ಕೈ ಕಟ್ಟಿ ಕೂರಬೇಕು. ಹಳೆಯ ಮೈಸೂರು ಸೀಮೆಯವನಾದ ನನಗೆ ಈ ಹುದ್ದೆಯ ಹೆಸರು ಕೇಳಿದರೇ ವಿಚಿತ್ರವೆನಿಸುತ್ತದೆ. ನಮಗೆ ರೆಸಿಡೆಂಟರೂ ಗೊತ್ತು, 1831ರಿಂದ ಐವತ್ತು ವರ್ಷ ನಮ್ಮನ್ನು ಆಳಿದ ಕಮಿಷನರುಗಳೂ ಗೊತ್ತು. ಅವರೆಲ್ಲ ಆಳುವವರು ನಮ್ಮಲ್ಲಿಗೆ ಕಳಿಸಿದವರು. ಇಲ್ಲಿ ಆಳಿಸಿಕೊಳ್ಳುವವರೇ ಕಮಿಷನರನ್ನು ಆಳುವವರ ಬಳಿಗೆ ಕಳಿಸುತ್ತಾರೆ, ಅಹವಾಲು ಹೇಳಿಕೊಳ್ಳಲಿಕ್ಕೆ!

ಈ ಸ್ಥಿತಿ ಹುಟ್ಟಿನಿಂದ ಬಂದದ್ದೂ ಅಲ್ಲ. ಸ್ಪೇನಿನ ಆಳ್ವಿಕೆ ಕ್ರೂರವಾಗಿದ್ದೀತು. ಆದರೂ 1810ರಷ್ಟು ಹಿಂದೆಯೇ ಈ ದ್ವೀಪದ ರಾಮೋನ್ ಪವರ್ ಎಂಬ ಪ್ರತಿನಿಧಿ ಸ್ಪೇನಿನ ಸಂಸತ್ತಿನ ಉಪಾಧ್ಯಕ್ಷನಾಗಿದ್ದ. 1897ರಲ್ಲಿ ಸ್ಪೇನ್ ಸ್ವಾಯತ್ತತೆಯ ಸನದನ್ನೂ ಕೊಟ್ಟಿತು. ಆ ಸರಕಾರ ಕಣ್ಣು ಬಿಡುವಷ್ಟರಲ್ಲೇ, 1898ರ ಜುಲೈ 25ರಂದು, ಅಮೆರಿಕದ ಸೇನೆ ಬಂದಿಳಿಯಿತು. ಬಿಡುಗಡೆ ತಂದೆವೆಂದು ಹೇಳಿಕೊಂಡವರು 1900ರ ಕಾನೂನಿನಲ್ಲಿ ಕೊಟ್ಟದ್ದು ವಾಷಿಂಗ್ಟನ್ನಿನಿಂದ ನೇಮಕವಾದ ಗವರ್ನರನನ್ನು, ಅಲ್ಲಿಂದಲೇ ನೇಮಕವಾದ ಮೇಲ್ಮನೆಯನ್ನು. ತಮ್ಮ ಗವರ್ನರನನ್ನು ತಾವೇ ಆರಿಸಿಕೊಳ್ಳಲು ಆ ಜನ 1948ರ ತನಕ ಕಾಯಬೇಕಾಯಿತು.

ರಾಯರು ಹೊಗಳಿದ ಪೌರತ್ವ ಬಂದದ್ದು 1917ರ ಮಾರ್ಚಿನಲ್ಲಿ. ಮರು ತಿಂಗಳೇ ಅಮೆರಿಕ ಮಹಾಯುದ್ಧಕ್ಕೆ ಧುಮುಕಿತು. ದ್ವೀಪದ ಸುಮಾರು 18 ಸಾವಿರ ತರುಣರು ಸೇನೆ ಸೇರಿದರು. ಅಂದಿನಿಂದ ಇಂದಿನವರೆಗೆ ಆ ದ್ವೀಪದವರು ಯುದ್ಧಕ್ಕೆ ಹೋಗುತ್ತಲೇ ಇದ್ದಾರೆ. ಕಳಿಸುವ ಅಧ್ಯಕ್ಷರನ್ನು ಆರಿಸುವಲ್ಲಿ ಮಾತ್ರ ಅವರ ಪಾತ್ರವಿಲ್ಲ.

ಇದಕ್ಕೆಲ್ಲ ನ್ಯಾಯಾಲಯದ ಮುದ್ರೆಯೂ ಇದೆ. ಸಾನ್ ಹುವಾನಿನಿಂದ ನ್ಯೂಯಾರ್ಕಿಗೆ ಹೋದ ಕಿತ್ತಳೆ ಹಣ್ಣಿಗೆ ಸುಂಕ ಹಾಕಬಹುದೇ ಎಂಬ ಮೊಕದ್ದಮೆಯಲ್ಲಿ, 1901ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ ಹಾಕಬಹುದೆಂದಿತು. ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ. ಆದ್ದರಿಂದ ಸಂವಿಧಾನ ಅಲ್ಲಿಗೆ ಪೂರ್ತಿಯಾಗಿ ಅನ್ವಯಿಸದು ಎಂಬ ತರ್ಕ ಅಲ್ಲಿಂದ ಬೆಳೆಯಿತು. ಆ ಪೀಠದ ನ್ಯಾಯಮೂರ್ತಿ ಬ್ರೌನ್, ಕರಿಯರಿಗೆ ಬೇರೆ ರೈಲುಡಬ್ಬಿ ಇರಬಹುದೆಂದು 1896ರಲ್ಲಿ ತೀರ್ಪು ಬರೆದವರೇ. ರೈಲುಡಬ್ಬಿಯ ತೀರ್ಪಿನ ತಿರುಳನ್ನು 1954ರಲ್ಲಿ ಕಿತ್ತೆಸೆದರು. ಕಿತ್ತಳೆಯ ತೀರ್ಪು ಹಾಗೇ ಉಳಿಯಿತು.

1952ರಲ್ಲಿ ದ್ವೀಪಕ್ಕೆ ತನ್ನದೇ ಸಂವಿಧಾನ ಬಂತಲ್ಲ ಎನ್ನುವವರಿದ್ದಾರೆ. ಬಂತು. ಜನರೇ ಮತ ಹಾಕಿ ಒಪ್ಪಿದ ಆ ಸಂವಿಧಾನದಲ್ಲಿ ಕೆಲಸ, ಶಿಕ್ಷಣ, ಅನ್ನಬಟ್ಟೆಗಳ ಹಕ್ಕನ್ನು ಹೇಳುವ 20ನೆಯ ವಿಧಿಯೊಂದಿತ್ತು. ಅದು ಅಮೆರಿಕದ ಕಾಂಗ್ರೆಸ್ಸಿಗೆ ರುಚಿಸಲಿಲ್ಲ, ತೆಗೆಸಿತು. ಮಗುವಿಗೆ ಹೆಸರಿಡುವ ಹಕ್ಕು ತಾಯಿತಂದೆಗೆ, ಅಳಿಸುವ ಹಕ್ಕು ಪಕ್ಕದ ಮನೆಯವರಿಗೆ! ಮರುವರ್ಷವೇ ವಿಶ್ವಸಂಸ್ಥೆಯ ಪಟ್ಟಿಯಿಂದ ಪೋರ್ಟೊ ರಿಕೊ ಹೆಸರು ಬಿಟ್ಟುಹೋಯಿತು. ಇನ್ನು ಅದು ಪರಾಧೀನವಲ್ಲ ಎಂದರು. 2016ರಲ್ಲಿ ಸುಪ್ರೀಂ ಕೋರ್ಟೇ, ದ್ವೀಪದ ಸರಕಾರದ ಅಧಿಕಾರದ ಮೂಲ ಕೊನೆಗೂ ವಾಷಿಂಗ್ಟನ್ನಿನಲ್ಲೇ ಇದೆಯೆಂದು ಹೇಳಿ ಆ ಪರದೆಯನ್ನೂ ಸರಿಸಿಬಿಟ್ಟಿತು.

ಅದೇ 2016ರ ಜೂನಿನಲ್ಲಿ ಬಂದದ್ದು ಹಣಕಾಸಿನ ಮೇಲ್ವಿಚಾರಣಾ ಮಂಡಳಿ. ದ್ವೀಪದ ಸಾಲ 70 ಶತಕೋಟಿ ಡಾಲರು ಮೀರಿತ್ತು. ಆ ಸಾಲದಲ್ಲಿ ಅಲ್ಲಿಯ ರಾಜಕಾರಣಿಗಳ ಪಾಲು ದೊಡ್ಡದೇ. ಖರ್ಚು ತೂಗಿಸಲು ಸಾಲದ ಮೇಲೆ ಸಾಲ ಎತ್ತಿದರು, ಅವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಾರಖಾನೆಗಳಿಗಿದ್ದ ತೆರಿಗೆ ರಿಯಾಯತಿಯನ್ನು 1996ರಿಂದ ಹತ್ತು ವರ್ಷಗಳಲ್ಲಿ ಹಿಂತೆಗೆದದ್ದು ವಾಷಿಂಗ್ಟನ್. ದಿವಾಳಿ ಕಾನೂನಿನ ರಕ್ಷಣೆಯಿಂದ ದ್ವೀಪವನ್ನು 1984ರಲ್ಲೇ ಹೊರಗಿಟ್ಟದ್ದೂ ವಾಷಿಂಗ್ಟನ್. ತಾವೇ ಒಂದು ಕಾನೂನು ಮಾಡಿಕೊಂಡಾಗ ಅದೂ ಸಲ್ಲದೆಂದಿತು ಕೋರ್ಟು. ಆಮೇಲೆ ಬಂದ ಮಂಡಳಿಯಲ್ಲಿ ಅಧ್ಯಕ್ಷರು ನೇಮಿಸುವ ಏಳು ಮಂದಿ. ಜನ ಆರಿಸಿದ ಗವರ್ನರು ಅಲ್ಲಿ ಕೂರಬಹುದು, ಮತವಿಲ್ಲ. ದ್ವೀಪದ ಬಜೆಟ್ಟನ್ನು ಮಂಡಳಿ ತಿದ್ದಬಹುದು, ಶಾಸನವನ್ನು ತಡೆಯಬಹುದು. ಅದರ ಖರ್ಚು ಕೊಡಬೇಕಾದದ್ದು ದ್ವೀಪದ ಬೊಕ್ಕಸ. 1919ರ ಸುಧಾರಣೆಯಲ್ಲಿ ಹಣಕಾಸನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡು ಶಿಕ್ಷಣ, ನೈರ್ಮಲ್ಯಗಳನ್ನು ನಮ್ಮ ಮಂತ್ರಿಗಳಿಗೆ ಬಿಟ್ಟರಲ್ಲ, ಅದನ್ನು ಓದಿದವರಿಗೆ ಈ ಮಂಡಳಿಯ ಮುಖಪರಿಚಯ ಕಷ್ಟವಲ್ಲ.

"ಅವರು ತೆರಿಗೆ ಕೊಡುವುದಿಲ್ಲವಲ್ಲ" ಎಂಬುದು ಬಲವಾದ ಆಕ್ಷೇಪವೆಂದು ಹಲವರ ನಂಬಿಕೆ. ದ್ವೀಪದಲ್ಲಿ ಗಳಿಸಿದ ಹಣಕ್ಕೆ ಬಹುಪಾಲು ಜನ ಕೇಂದ್ರದ ಆದಾಯ ತೆರಿಗೆ ಕೊಡುವುದಿಲ್ಲ, ನಿಜ. ಸಂಬಳದಿಂದ ಕಡಿದುಕೊಳ್ಳುವ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಕೊಡುತ್ತಾರೆ. ಅದು ಹೇಗೇ ಇರಲಿ, ಮತವೇನು ತೆರಿಗೆಯ ರಸೀದಿಯೇ? ಕಂದಾಯ ಕಟ್ಟಿದವನಿಗಷ್ಟೇ ಓಟು ಎಂಬ ಪದ್ಧತಿ ನಮ್ಮ ದೇಶದಲ್ಲೂ ಇತ್ತು. ಅದನ್ನು ತೊಡೆದುಹಾಕಿದ ಸಂವಿಧಾನದ ಅಡಿಯಲ್ಲಿ ಬೆಳೆದವರ ಬಾಯಲ್ಲಿ ಈ ಮಾತು ಬರಬಾರದು.

ಇನ್ನು ಹೊಟ್ಟೆ ತುಂಬಿದವರ ಮಾತಿನ ವಿಚಾರ. ರಾಯರೇ, ನಮ್ಮ ಮೈಸೂರಿಗೂ ಇದನ್ನೇ ಹೇಳುತ್ತಿದ್ದರು. ಮಾದರಿ ಸಂಸ್ಥಾನ, ವಿದ್ಯುದ್ದೀಪ, ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾಲಯ, ಇನ್ನೇನು ಬೇಕು? ರಂಗಾಚಾರ್ಲು 1881ರಲ್ಲಿ ಕರೆದ ಪ್ರಜಾಪ್ರತಿನಿಧಿ ಸಭೆ ದೊಡ್ಡ ಹೆಜ್ಜೆಯೇ ಸರಿ; ಆದರೆ ಅಲ್ಲಿಯೂ ಮಾತಿತ್ತು, ನಿರ್ಣಯದ ಹಕ್ಕಿರಲಿಲ್ಲ. ಜನ ಅಷ್ಟಕ್ಕೆ ತೃಪ್ತರಾಗಿ ಕುಳಿತರೇ? 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಬಾವುಟ ಏರಿತು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. 1947ರಲ್ಲಿ ಮೈಸೂರು ಚಲೋ ಆದ ಮೇಲೆಯೇ ಜವಾಬ್ದಾರಿ ಸರಕಾರ ಬಂದದ್ದು. ಅತ್ತ ಪೋರ್ಟೊ ರಿಕೊದಲ್ಲಿ 1948ರಲ್ಲಿ ಬಾಯಿಕಟ್ಟುವ ಶಾಸನವೊಂದು ಬಂತು. ತಮ್ಮದೇ ಬಾವುಟ ಇಟ್ಟುಕೊಂಡದ್ದನ್ನೂ ರಾಜದ್ರೋಹದ ಸಾಕ್ಷ್ಯವಾಗಿ ಬಳಸಿದರು. ಅದು ರದ್ದಾದದ್ದು 1957ರಲ್ಲಿ. ನಮ್ಮ ಬಾವುಟವಾದರೆ ದೇಶಭಕ್ತಿ, ಅವರದಾದರೆ ಗೊಣಗಾಟವೇ?

ಅವರಿಗೆ ಬೇಕಾದದ್ದೇನು ಎಂದರೆ ಅವರಲ್ಲೇ ಒಮ್ಮತವಿಲ್ಲ. 1967ರಿಂದ 2024ರವರೆಗೆ ಏಳು ಸಲ ಜನಮತ ಕೇಳಿದ್ದಾರೆ. 1998ರಲ್ಲಂತೂ 'ಮೇಲಿನ ಯಾವುದೂ ಅಲ್ಲ' ಎಂಬುದೇ ಗೆದ್ದಿತು. 2017ರಲ್ಲಿ ಅಮೆರಿಕದ ರಾಜ್ಯವಾಗಲು ನೂರಕ್ಕೆ 97 ಮತ ಬಿದ್ದವು, ಆದರೆ ಮತಗಟ್ಟೆಗೆ ಬಂದವರು ನೂರಕ್ಕೆ 23. 2020, 2024ರಲ್ಲಿ ರಾಜ್ಯವಾಗಬೇಕೆಂಬುದಕ್ಕೇ ಬಹುಮತ. ಸ್ವಾತಂತ್ರ್ಯ ಬೇಕೆನ್ನುವವರೂ ಇದ್ದಾರೆ. ಯಾವುದನ್ನು ಆರಿಸಬೇಕೆಂದು ಹೇಳಲು ನಾನು ಯಾರು? ಆದರೆ ಏಳರಲ್ಲಿ ಒಂದನ್ನೂ ಪಾಲಿಸಲೇಬೇಕೆಂಬ ಕಟ್ಟು ಕಾಂಗ್ರೆಸ್ಸಿಗಿಲ್ಲ. ಕೇಳುವುದು, ಕಡತದಲ್ಲಿಡುವುದು, ಇದು ಸ್ವಯಮಾಡಳಿತವಲ್ಲ.

ನಾವು ಹೊಟ್ಟೆಪಾಡಿಗೆ ಊರು ಬಿಟ್ಟು ಈ ಮುಂಬಯಿಗೆ ಬಂದವರು. ಉಡುಪಿಯಲ್ಲೋ ಮಂಡ್ಯದಲ್ಲೋ ಇದ್ದ ಹೆಸರನ್ನು ಇಲ್ಲಿಯ ಪಟ್ಟಿಗೆ ಸೇರಿಸಿಕೊಂಡೆವು. ಲೋಕಸಭೆಗೆ ಅಲ್ಲಿಯೂ ಮತವಿತ್ತು, ಇಲ್ಲಿಯೂ ಇದೆ. ಆ ದ್ವೀಪದವನು ನ್ಯೂಯಾರ್ಕಿಗೆ ವಲಸೆ ಹೋದರೆ ಮತ ಬರುತ್ತದೆ, ಮುಪ್ಪಿನಲ್ಲಿ ತಾಯ್ನೆಲಕ್ಕೆ ಮರಳಿದರೆ ಹೋಗುತ್ತದೆ. ಹೋಗುವುದು ಮತವೊಂದೇ ಅಲ್ಲ. ನ್ಯೂಯಾರ್ಕಿನಲ್ಲಿ ಅಂಗವಿಕಲರ ಸಹಾಯಧನ ಪಡೆಯುತ್ತಿದ್ದ ಒಬ್ಬರು 2013ರಲ್ಲಿ ದ್ವೀಪಕ್ಕೆ ಮರಳಿದರು. ಅಲ್ಲಿಯೂ ಹಣ ಬರುತ್ತಿತ್ತು. ಅದು ತಪ್ಪು, 28 ಸಾವಿರಕ್ಕೂ ಹೆಚ್ಚು ಡಾಲರು ಹಿಂದಿರುಗಿಸು ಎಂದು ಸರಕಾರವೇ ದಾವೆ ಹೂಡಿತು. ದ್ವೀಪದವರಿಗೆ ಆ ಸಹಾಯಧನ ಕೊಡದಿರಲು ಕಾಂಗ್ರೆಸ್ಸಿಗೆ ಅಧಿಕಾರವಿದೆಯೆಂದು 2022ರಲ್ಲಿ ಎಂಟಕ್ಕೆ ಒಂದರಂತೆ ತೀರ್ಪಾಯಿತು. ಆ ಒಬ್ಬರು, ಪೋರ್ಟೊ ರಿಕೊ ಮೂಲದ ತಂದೆತಾಯಿಯ ಮಗಳಾದ ಸೋನಿಯಾ ಸೊಟೊಮಾಯರ್.

ರಾಯರ ಮಗನಿಗೆ ಬೇಗನೆ ಅಮೆರಿಕದ ಪೌರತ್ವ ಸಿಗಲಿ, ಸಂತೋಷ. ಮುಂದೆ ಅವರು ಬೆಂಗಳೂರಿಗೆ ಮರಳಿ ನೆಲೆಸಿದರೂ ಅಂಚೆಯ ಮೂಲಕ ಅಮೆರಿಕದ ಅಧ್ಯಕ್ಷರಿಗೆ ಮತ ಹಾಕಬಹುದು. ಕಂಪನಿಯವರು ಸಾನ್ ಹುವಾನಿಗೆ ವರ್ಗ ಮಾಡಿ ಅಲ್ಲೇ ಮನೆ ಮಾಡಿಕೊಂಡರೆ ಹಾಕುವಂತಿಲ್ಲ. ರಾಯರು ಮುಂದಿನ ಭಾನುವಾರ ಫೋನು ಮಾಡಿದಾಗ ಮಗನನ್ನೇ ಕೇಳಿ ನೋಡಲಿ.