ಹತ್ತು ದಿನದಲ್ಲಿ ಭಾರತ ದರ್ಶನ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬ ನಾಣ್ಣುಡಿಯನ್ನು ಕೇಳದ ವಿದ್ಯಾರ್ಥಿಯಿಲ್ಲ. ಪ್ರವಾಸದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳಿಯೇ ತೀರುತ್ತಾರೆ. ಆದರೆ ಕೋಶದ ರಟ್ಟನ್ನು ಮಾತ್ರ ನೋಡಿ ಕೆಳಗಿಟ್ಟವನನ್ನು ಓದಿದವನೆಂದು ಯಾರೂ ಕರೆಯುವುದಿಲ್ಲ. ಹಾಗಿರುವಾಗ ಹೆಬ್ಬಾಗಿಲನ್ನು ಮಾತ್ರ ನೋಡಿ ಬಸ್ಸು ಹತ್ತಿದವನನ್ನು ದೇಶ ಸುತ್ತಿದವನೆಂದು ಕರೆಯಬಹುದೆ?

ಈ ವರ್ಷ ಅಂತಿಮ ಬಿ.ಎ. ತರಗತಿಯ ಉತ್ತರ ಭಾರತ ಪ್ರವಾಸಕ್ಕಾಗಿ ಸೂಚನಾಫಲಕದ ಮೇಲೆ ಒಂದು ಪಟ್ಟಿ ಕಾಣಿಸಿಕೊಂಡಿತು. ಆಗ್ರಾ, ದೆಹಲಿ, ಅಮೃತಸರ, ಜಯಪುರ, ವಾರಾಣಸಿ, ಕೋಲ್ಕತ: ಆರು ನಗರಗಳು, ಹತ್ತು ದಿನಗಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ರಾತ್ರಿ ನಾನು ಭೂಪಟ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ನಮ್ಮ ದೇಶ ಉತ್ತರ ದಕ್ಷಿಣವಾಗಿ 3,214 ಕಿಲೋಮೀಟರು, ಪೂರ್ವ ಪಶ್ಚಿಮವಾಗಿ 2,933 ಕಿಲೋಮೀಟರು. ಬೆಂಗಳೂರಿನಿಂದ ದೆಹಲಿಗೇ ಸುಮಾರು 2,400 ಕಿಲೋಮೀಟರು. ಆರು ನಗರಗಳನ್ನೂ ಸುತ್ತಿ ಮನೆಗೆ ಮರಳುವ ಹೊತ್ತಿಗೆ ಏಳು ಸಾವಿರದ ಹತ್ತಿರವಾಗುತ್ತದೆ. ರೈಲು ಗಂಟೆಗೆ 60 ಕಿಲೋಮೀಟರು ಓಡಿತೆಂದೇ ಇಟ್ಟುಕೊಳ್ಳಿ. ಹತ್ತು ದಿನದ 240 ಗಂಟೆಗಳಲ್ಲಿ ಅರ್ಧದಷ್ಟು ರೈಲಿನಲ್ಲಿಯೇ ಮುಗಿಯಿತು. ಉಳಿದರ್ಧದಲ್ಲಿ ನಿದ್ರೆ, ಸ್ನಾನ, ಊಟ, ಸಾಲಿನಲ್ಲಿ ನಿಲ್ಲುವುದು. ನೋಡುವುದಕ್ಕೆ ಉಳಿದದ್ದೆಷ್ಟು?

ಹಣ ಕೇಳಲು ಊರಿಗೆ ಹೋದೆ. ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿ. ಶೇಂಗಾ ಬೆಳೆಯುವ ಒಣನೆಲ. ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಬೇಡವೆನ್ನಲಿಲ್ಲ. “ಎರಡು ಕುರಿ ಮಾರಿದ್ರಾಯ್ತು ಬಿಡು. ಅಷ್ಟು ದೂರ ಹೋಗಿ ಏನೇನು ನೋಡ್ಕಂಡು ಬರ್ತೀಯ?” ಎಂದು ಕೇಳಿದರು. ನಾನು ಆರು ಊರುಗಳ ಹೆಸರನ್ನು ಒಪ್ಪಿಸಿದೆ. “ಒಂದೊಂದೂರಾಗೆ ಎಷ್ಟು ದಿನ ಇರ್ತೀರ?” ಎಂದರು. ಕೆಲವು ಕಡೆ ಅರ್ಧ ದಿನವೆಂದು ಹೇಳುವಾಗ ನನ್ನ ದನಿ ತಗ್ಗಿತು. ಅಪ್ಪ ಮತ್ತೇನೂ ಕೇಳಲಿಲ್ಲ. ನಾನು ಪ್ರವಾಸಕ್ಕೆ ಹೆಸರು ಕೊಡಲಿಲ್ಲ. ಆದ್ದರಿಂದ ಇದನ್ನು ಹೊಟ್ಟೆಯುರಿಯಿಂದ ಬರೆದಿದ್ದಾನೆಂದು ಮಿತ್ರರು ಭಾವಿಸಿದರೆ ಅವರನ್ನು ದೂರಲಾರೆ. ಆದರೆ ಅಪ್ಪನ ಪ್ರಶ್ನೆಗೆ ಉತ್ತರ ಬೇಕಾಗಿದೆ.

ಅವಸರದ ಪ್ರವಾಸದ ರುಚಿಯನ್ನು ಕಳೆದ ವರ್ಷವೇ ಕಂಡಿದ್ದೆ. ಮೂರು ದಿನಗಳಲ್ಲಿ ಹಂಪೆ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ. ಗೋಲಗುಮ್ಮಟದ ಮುಂದೆ ನಾವು ಇಳಿದಾಗ ಬಾಗಿಲು ಹಾಕುವ ಹೊತ್ತು. ಆ ಗುಮ್ಮಟದೊಳಗಿನ ಗ್ಯಾಲರಿಯಲ್ಲಿ ಪಿಸುಗುಟ್ಟಿದ ಮಾತು ಎದುರು ಗೋಡೆಯ ಬಳಿ ಕೇಳುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಈಗಲೂ ಓದಿಯೇ ತಿಳಿದಿದ್ದೇನೆ. ಹೊರಗೆ ನಿಂತು ತೆಗೆಸಿಕೊಂಡ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. “ಒಳಗೆ ಹೆಂಗೈತೆ?” ಎಂದು ಅಮ್ಮ ಕೇಳಿದಳು.

ಎದುರು ವಾದವೂ ಉಂಟು, ಅದು ಹಗುರವಾದುದಲ್ಲ. ಸಹಪಾಠಿನಿಯೊಬ್ಬಳು ನನಗೆ ಹೇಳಿದಳು: “ನೀವು ಹುಡುಗರು ಮುಂದೆ ಯಾವಾಗಲಾದರೂ ಹೋಗುತ್ತೀರಿ. ನನಗೆ ಇದೇ ಕೊನೆ. ಮದುವೆಯಾದ ಮೇಲೆ ಯಾರು ಕರೆದುಕೊಂಡು ಹೋಗುತ್ತಾರೆ? ಅರ್ಧ ಗಂಟೆಯಾದರೂ ಸರಿ, ಎಲ್ಲವನ್ನೂ ನೋಡಿಬಿಡಬೇಕು.” ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದೆ. ನಮ್ಮಂಥವರ ಮನೆಗಳಲ್ಲಿ ದೂರದ ಪ್ರಯಾಣ ಒಮ್ಮೆ ಮಾತ್ರ ಬರುವುದು ನಿಜ. ಆದರೂ ಒಮ್ಮೆಯೇ ಬಡಿಸುವ ಊಟವಾದರೆ ಎಲ್ಲ ಎಲೆಗಳಿಂದಲೂ ಒಂದೊಂದು ಅಗುಳು ತಿಂದು ಏಳುವುದಕ್ಕಿಂತ, ಒಂದು ಎಲೆಯ ಮುಂದೆ ಕುಳಿತು ಉಣ್ಣುವುದು ಮೇಲಲ್ಲವೆ? ಅವಳು ಇದನ್ನು ಪೂರ್ತಿ ಒಪ್ಪಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ದೊಡ್ಡ ದೇಶದಲ್ಲಿ ಸಣ್ಣ ರಜೆ ಕಳೆಯುವವರು ಒಂದೇ ರೈಲುದಾರಿಯನ್ನು ಹಿಡಿಯಬೇಕೆಂಬುದು ನನ್ನ ಸಲಹೆ. ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ಸು ರಾಯಚೂರು, ಕಲಬುರಗಿ, ಸೊಲ್ಲಾಪುರ, ಭೋಪಾಲ, ಗ್ವಾಲಿಯರು, ಆಗ್ರಾ ಮಾರ್ಗವಾಗಿ ದೆಹಲಿ ಸೇರುತ್ತದೆ. ಭೋಪಾಲದಲ್ಲಿ ಇಳಿದರೆ ಸಾಂಚಿ ಹತ್ತಿರ. ಸಾಂಚಿ, ಆಗ್ರಾ, ದೆಹಲಿ: ಈ ಮೂರೇ ಸಾಕು. ಹಿಂದೆ ಮುಂದೆ ಅಲೆದಾಟವಿಲ್ಲ. ಒಂದೊಂದರಲ್ಲಿಯೂ ಬೆಳಗು ಬೈಗು ಎರಡನ್ನೂ ಕಾಣಬಹುದು. ದೂರ ತಗ್ಗಿದಂತೆ ಖರ್ಚೂ ತಗ್ಗುತ್ತದೆ, ಹಿಂದೆ ಉಳಿಯುವವರ ಸಂಖ್ಯೆಯೂ ತಗ್ಗುತ್ತದೆ.

ದಾರಿಯೂ ಪಾಠವೇ. ಆ ರೈಲು ತುಂಗಭದ್ರೆ, ಕೃಷ್ಣೆ, ಭೀಮೆ, ಗೋದಾವರಿಗಳನ್ನು ದಾಟುತ್ತದೆ; ಇವುಗಳ ನೀರೆಲ್ಲ ಪೂರ್ವದ ಕಡಲಿಗೆ. ಅನಂತರ ತಾಪಿ, ನರ್ಮದೆ. ಇವು ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತವೆ. ಮುಂದೆ ಸಿಗುವ ಚಂಬಲ್ ಯಮುನೆಯನ್ನು ಕೂಡಲು ಹೋಗುತ್ತದೆ. ಕೆಲವು ಹೊಳೆಗಳು ಕತ್ತಲಲ್ಲಿ ದಾಟಿಹೋದಾವು. ಎಚ್ಚರವಿದ್ದವರು ಸೇತುವೆಯ ಸದ್ದಿನಿಂದಲೇ ಅರಿತುಕೊಳ್ಳಬಹುದು. ಭೂಗೋಳದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಕಿಟಕಿಯಲ್ಲಿ ಕಾಣುತ್ತದೆ.

ಈ ದಾರಿಯಲ್ಲಿ ನಮ್ಮ ಊರ ಕಡೆಯ ಎಳೆಯೊಂದೂ ಇದೆ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ಜನ ಅದನ್ನು ‘ಅಕ್ಷರದ ಗುಂಡು’ ಎನ್ನುತ್ತಾರೆ. ಅಪ್ಪ ಎಷ್ಟೋ ಸಲ ಕಂಡಿದ್ದಾರೆ, ಓದಿದವರಲ್ಲ. ಸಾಂಚಿಯ ಮಹಾಸ್ತೂಪಕ್ಕೆ ಮೊದಲ ಇಟ್ಟಿಗೆ ಇಡಿಸಿದವನು ಅದೇ ಅಶೋಕ. ಬ್ರಹ್ಮಗಿರಿಯಲ್ಲಿರುವ ಅದೇ ಕಿರುಶಾಸನದ ಇನ್ನೊಂದು ಪ್ರತಿ ದೆಹಲಿಯ ಬಂಡೆಯೊಂದರ ಮೇಲೆ 1966ರಲ್ಲಿ ಬೆಳಕಿಗೆ ಬಂತು. ನಮ್ಮ ಹೊಲದ ಆಚೆಗಿರುವ ಮಾತನ್ನೇ ದೇಶದ ರಾಜಧಾನಿಯಲ್ಲಿಯೂ ಬರೆಸಿದ್ದ! ಇದನ್ನು ನಿಂತು ನೋಡಿ ಬಂದರೆ ಅಪ್ಪನಿಗೆ ಹೇಳಲು ಏನಾದರೂ ಇರುತ್ತದೆ.

ಕೊನೆಯದಾಗಿ ಎರಡು ಸಣ್ಣ ಮಾತು. ತಾಜಮಹಲಿಗೆ ಶುಕ್ರವಾರ ರಜೆ, ಕೆಂಪುಕೋಟೆಗೆ ಸೋಮವಾರ. ವಾರ ನೋಡಿ ಹೊರಡಬೇಕು. ರೈಲಿನ ಮುಂಗಡ ಟಿಕೇಟು 2024ರ ನವೆಂಬರಿನಿಂದ 60 ದಿನ ಮೊದಲು ಮಾತ್ರ ದೊರೆಯುತ್ತದೆ. ಆದಕಾರಣ ಪ್ರವಾಸದ ಸೂಚನೆ ಅದಕ್ಕೂ ಒಂದು ತಿಂಗಳು ಮುಂಚೆ ಫಲಕಕ್ಕೆ ಬರಲಿ. ಸ್ಥಳಗಳ ಹೆಸರಿನ ಮುಂದೆ ಅಲ್ಲಿ ಇರುವ ಗಂಟೆಗಳನ್ನೂ ಬರೆಯಲಿ. ಕುರಿ ಮಾರುವವರು ಸಂತೆ ನೋಡಿ ಮಾರಲು ಅಷ್ಟು ಸಮಯ ಬೇಕು.

ನಾನು ಈ ವರ್ಷ ಕಾಲೇಜು ಬಿಡುತ್ತೇನೆ. ಮುಂದಿನ ವರ್ಷ ಹೊರಡುವ ತಮ್ಮ ತಂಗಿಯರು ಮೂರೇ ಊರು ನೋಡಿ ಬರಲಿ. ಬಂದ ಮೇಲೆ “ಒಳಗೆ ಹೆಂಗೈತೆ?” ಎಂದು ಮನೆಯವರು ಕೇಳಿದರೆ, ಉತ್ತರ ಹೇಳುವಂತಾಗಲಿ.