ಗಾಡಿ ಎಲ್ಲಿಗೆ ಓಡಿಹೋಗುತ್ತದೆ?

ಹೈದರಾಬಾದಿನ ಕನ್ನಡಿಗರಾದ ನಾವು ಇನ್ನೂ ಕಲಿಯದ ವಿದ್ಯೆಯೊಂದಿದೆ: ರೈಲಿನಿಂದ ಇಳಿಯುವುದು. ಬೆಂಗಳೂರಿನ ಕಡೆಯಿಂದ ಬರುವ ಕಾಚಿಗುಡ ಎಕ್ಸ್‌ಪ್ರೆಸ್‌ಗೆ ಕಾಚಿಗುಡವೇ ಕೊನೆ. ಆದರೂ ಮಹಬೂಬನಗರ ದಾಟಿದ್ದೇ ತಡ, ಸೂಟ್‌ಕೇಸು, ಹಪ್ಪಳದ ಡಬ್ಬಿ, ತೆಂಗಿನಕಾಯಿ ಚೀಲಗಳೆಲ್ಲ ಬಾಗಿಲಿಗೆ ಬಂದು ಕೂರುತ್ತವೆ. ಅವುಗಳ ಹಿಂದೆ ನಾವು. ನಮ್ಮ ಹಿಂದೆ, ನಿದ್ದೆಗಣ್ಣಿನ ಕೂಸನ್ನೆತ್ತಿಕೊಂಡ ತಾಯಿ.

ಕೂಸು ಅತ್ತರೆ "ಇಷ್ಟು ಬೇಗ ಯಾಕಮ್ಮ ಎದ್ದು ಬಂದಿರಿ?" ಎಂದು ಆಕೆಗೇ ಬುದ್ಧಿ ಹೇಳುತ್ತೇವೆ! ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೇಟಿಲ್ಲ. ಹಾಗಾಗಿ ಒಂದೇ ಬರ್ತಿನಲ್ಲಿ ಮಗುವಿನೊಡನೆ ರಾತ್ರಿಯಿಡೀ ಮೈ ಮುದುಡಿ ಮಲಗಿದವಳು ಆಕೆ. ಇಳಿಯುವಾಗಲಾದರೂ ದಾರಿ ಬೇಡವೇ?

ಮುಂದಕ್ಕೆ ಹೋಗುವ ಗಾಡಿಗಳ ಮಾತು ಬೇರೆ. ಅಲ್ಲಿ ನಿಲ್ಲುವುದು ಕೆಲವೇ ನಿಮಿಷ. ಕೊನೆಯ ನಿಲ್ದಾಣದಲ್ಲಿ ಅವಸರವೇಕೆ? ಗಾಡಿ ಪೂರ್ತಿ ನಿಲ್ಲಲಿ. ಒಬ್ಬರು ಮೊದಲು ಬರಿಗೈಯಲ್ಲಿ ಇಳಿಯಲಿ, ಇನ್ನೊಬ್ಬರು ಮೇಲಿನಿಂದ ಕೂಸನ್ನು ಕೊಡಲಿ, ಸಾಮಾನು ಆಮೇಲೆ. ತಾಯಿ ಒಬ್ಬಳೇ ಇದ್ದರೆ ಆ ಇನ್ನೊಂದು ಜೊತೆ ಕೈ ನಮ್ಮದಾಗಲಿ.

ರಾಜ್ಯೋತ್ಸವದ ವೇದಿಕೆಯಲ್ಲಿ 'ನಮ್ಮವರು, ನಮ್ಮವರು' ಎನ್ನುವ ನಾವು, ರೈಲಿನ ಬಾಗಿಲಲ್ಲಿ ಅದನ್ನು ಮರೆಯುವುದು ಯಾವ ನ್ಯಾಯ?