ಹೌಸಿನ ಗಾಡಿಗಳು, ಇರುಳಿನ ಓದು

ಜಪಾನಿನ ಟೋಕಿಯೋ ನಗರದಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಪ್ರವಾಸವೊಂದು ರೂಢಿಗೆ ಬಂದಿದೆ. ಅದು ದೇಗುಲಗಳ, ಉದ್ಯಾನಗಳ ಪ್ರವಾಸವಲ್ಲ. ಹಗಲಿನದಂತೂ ಅಲ್ಲವೇ ಅಲ್ಲ. ಕತ್ತಲಾದ ಮೇಲೆ ಮಾರ್ಗದರ್ಶಕನು ಪರದೇಶದಿಂದ ಬಂದವರನ್ನು ಕಾರಿನಲ್ಲಿ ಕೂರಿಸಿಕೊಂಡು, ನಗರದ ನಡುವೆ ಎತ್ತರದಲ್ಲಿ ಹಾದುಹೋಗುವ ಹೆದ್ದಾರಿಗಳನ್ನು ಸುತ್ತಿಸಿ, ಯೊಕೊಹಾಮಾ ಬಂದರಿನ ಬಳಿಯ ದಾಯಿಕೊಕು ಎಂಬ ನಿಲುಗಡೆಯ ತಾಣಕ್ಕೆ ಕರೆದೊಯ್ಯುತ್ತಾನೆ. ವಾರದ ಕೊನೆಯ ರಾತ್ರಿಗಳಲ್ಲಿ ಅಲ್ಲಿ ಮಾರ್ಪಡಿಸಿದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ತಾಣಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ದಾರಿಯಿಲ್ಲ. ಹೆದ್ದಾರಿಯಿಂದ ವಾಹನದಲ್ಲಿಯೇ ಅದನ್ನು ಸೇರಬೇಕು. ಪ್ರವಾಸಿಗೆ ಮಾರ್ಗದರ್ಶಕ ಅನಿವಾರ್ಯನಾದದ್ದು ಹೀಗೆ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಮೊಬೈಲಿನಲ್ಲಿ ಇಂಥ ದೃಶ್ಯಗಳನ್ನು ಕಂಡಿರುತ್ತಾರೆ. ಇದಕ್ಕೂ ಐಚ್ಛಿಕ ಕನ್ನಡಕ್ಕೂ ಏನು ಸಂಬಂಧವೆಂದು ಕೇಳುವುದು ಸಹಜ. ಸಂಬಂಧವಿದೆಯೆಂಬುದೇ ನನ್ನ ವಾದ. ಬಳಕೆಯ ವಸ್ತುವಿಗೆ ಮನುಷ್ಯನು ಅಲಂಕಾರ ತೊಡಿಸಿದಾಗ ಅದು ಓದಬೇಕಾದ ಪಠ್ಯವಾಗುತ್ತದೆ. ಹಾಗೆ ಓದುವ ವಿದ್ಯೆಯನ್ನು ಕಲಿಸುವ ವಿಭಾಗ ನಮ್ಮದು.

ದಾಯಿಕೊಕುವಿನ ಕಾರುಗಳಿಗೂ ಒಂದು ನಿಘಂಟು ಇದೆ. ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರಿಗೆ ‘ಶಾಕೋತಾನ್’ ಎನ್ನುತ್ತಾರೆ. ಚಿತ್ರಕಥೆಗಳ ಪಾತ್ರಗಳನ್ನು ಮೈತುಂಬ ಅಂಟಿಸಿಕೊಂಡ ಕಾರು ‘ಇತಾಶಾ’. ನೋಡುವವರ ಕಣ್ಣಿಗೆ ನೋವಾಗುವಂಥ ಗಾಡಿ ಎಂಬ ವಿನೋದ ಆ ಹೆಸರಿನಲ್ಲಿದೆ. ನಿಂದೆಯನ್ನೇ ಬಿರುದಾಗಿ ಧರಿಸಿದ ಈ ಕ್ರಮವನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು. ಬಣ್ಣದ ದೀಪಗಳಿಂದಲೂ ಹೊಳೆಯುವ ಲೋಹದ ತಗಡುಗಳಿಂದಲೂ ಸಿಂಗರಿಸಿದ ಲಾರಿಗೆ ‘ದೆಕೋತೋರಾ’ ಎಂದು ಹೆಸರು. ಇಂಥ ಲಾರಿಯ ಚಾಲಕರನ್ನೇ ನಾಯಕರನ್ನಾಗಿಸಿ ‘ತೊರಾಕ್ಕು ಯಾರೋ’ ಎಂಬ ಮಾಲಿಕೆಯಲ್ಲಿ 1975ರಿಂದ 1979ರವರೆಗೆ ಹತ್ತು ಚಲನಚಿತ್ರಗಳು ಬಂದವು. ರಾತ್ರಿಯೆಲ್ಲ ಸರಕು ಹೊರುವ ದುಡಿಮೆಗಾರನ ಅಭಿಮಾನವೇ ಆ ಅಲಂಕಾರದ ಮೂಲ. ಪ್ರವಾಸಿ ಬಂದದ್ದು ಬಹಳ ತಡವಾಗಿ.

ಆ ಪ್ರವಾಸಿ ಏನನ್ನು ಕಾಣುತ್ತಾನೆ? ದೀಪವನ್ನು ಕಾಣುತ್ತಾನೆ, ಸದ್ದನ್ನು ಕೇಳುತ್ತಾನೆ, ಚಿತ್ರ ತೆಗೆದುಕೊಳ್ಳುತ್ತಾನೆ. ಗ್ಯಾರೇಜಿನಲ್ಲಿ ಕಳೆದ ತಿಂಗಳುಗಳು, ಉಳಿಸಿ ಕೂಡಿಸಿದ ಸಂಬಳ, ಹಿಂದಿರುವ ಕಾನೂನು ಇವಾವುವೂ ಅವನಿಗೆ ಕಾಣುವುದಿಲ್ಲ. ಜಪಾನಿನಲ್ಲಿ ಹೊಸ ಖಾಸಗಿ ಕಾರನ್ನು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ತಪಾಸಣೆಗೆ ಒಪ್ಪಿಸಲೇಬೇಕು. ಹಣ ಪಡೆದು ಜನರನ್ನು ಸಾಗಿಸುವ ವಾಹನಕ್ಕೆ ಹಸಿರು ಫಲಕ ಬೇಕು. ಬಿಳಿ ಫಲಕದ ಸ್ವಂತ ಕಾರಿನಲ್ಲಿ ಹಾಗೆ ಮಾಡುವುದು ಅಪರಾಧ. ದಾಯಿಕೊಕುವಿನಲ್ಲಿ ಗದ್ದಲ ಮಿತಿಮೀರಿದ ರಾತ್ರಿ ಪೊಲೀಸರು ಧ್ವನಿವರ್ಧಕದಲ್ಲಿ ಸೂಚನೆ ನೀಡಿ ತಾಣವನ್ನೇ ಮುಚ್ಚಿಬಿಡುತ್ತಾರೆ. ಆಗ ವರ್ಷಗಳಿಂದ ಅಲ್ಲಿ ಸೇರುತ್ತಿದ್ದ ಹವ್ಯಾಸಿಗಳೂ ನಿನ್ನೆ ಬಂದ ಪ್ರವಾಸಿಯೂ ಒಟ್ಟಿಗೆ ಜಾಗ ಖಾಲಿ ಮಾಡಬೇಕು. ನೋಡುವವರ ಸಂಖ್ಯೆ ಮಾಡುವವರ ಸಂಖ್ಯೆಯನ್ನು ಮೀರಿದರೆ ಮಾಡುವವರೇ ನೆಲೆ ಕಳೆದುಕೊಳ್ಳುತ್ತಾರೆ. ಜನಪದ ಕಲೆಗಳನ್ನು ವೇದಿಕೆಗೆ ತಂದ ನಾವು ಈ ಮಾತನ್ನು ಬೇರೊಂದು ಬಗೆಯಲ್ಲಿ ಬಲ್ಲೆವು.

ಇನ್ನು ನಮ್ಮ ನೆಲಕ್ಕೆ ಬರೋಣ. ಜಪಾನಿನ ಗಾಡಿ ನಮಗೆ ಅಪರಿಚಿತವಲ್ಲ. 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಸಂಸ್ಥೆಯು ಜಪಾನಿನ ನಿಸ್ಸಾನ್ ಸಂಸ್ಥೆಯೊಡನೆ ಸೇರಿ ಹಗುರ ಸರಕು ವಾಹನಗಳನ್ನು ತಯಾರಿಸಿದ್ದು ನಮ್ಮ ಜಹೀರಾಬಾದಿನಲ್ಲಿಯೇ. ಆ ವಾಹನದ ಹೆಸರು ಕ್ಯಾಬ್‌ಸ್ಟಾರ್. ಪ್ರವಾಸಿಗರು ಇಂದು ಹಣ ತೆತ್ತು ಏರಿ ಕುಳಿತುಕೊಳ್ಳುವ ಜಿಟಿ-ಆರ್ ಕಾರು ಕೂಡ ಅದೇ ನಿಸ್ಸಾನ್ ಮನೆತನದ್ದು. 1989ರಲ್ಲಿ ಆ ಕಾರ್ಖಾನೆ ಮಹೀಂದ್ರಾ ಸಂಸ್ಥೆಯ ವಶಕ್ಕೆ ಬಂದಿತು. ಇಂದು ಜಹೀರಾಬಾದಿನಲ್ಲಿ ಆ ಸಂಸ್ಥೆಯ ಟ್ರ್ಯಾಕ್ಟರುಗಳು ತಯಾರಾಗುತ್ತವೆ. ಕಾರ್ಖಾನೆಯ ಬಾಗಿಲಿನಿಂದ ಹೊರಬೀಳುವ ಗಾಡಿಗಳೆಲ್ಲ ಒಂದೇ ರೂಪ, ಒಂದೇ ಬಣ್ಣ. ಊರು ಸೇರಿದ ಕೆಲವೇ ದಿನಗಳಲ್ಲಿ ಅವುಗಳಿಗೆ ಹೆಸರು ಬರುತ್ತದೆ, ಗೊಂಡೆ ಬರುತ್ತದೆ, ದೃಷ್ಟಿಗೆ ಕರಿದಾರವೂ ಲಿಂಬೆಹಣ್ಣೂ ಬರುತ್ತವೆ. ಕಾರ್ಖಾನೆ ಗಾಡಿಯನ್ನು ಕೊಡುತ್ತದೆ. ಅದನ್ನು ‘ನಮ್ಮ ಗಾಡಿ’ ಮಾಡಿಕೊಳ್ಳುವ ಕೆಲಸ ಮನೆಯವರದು.

ಈ ಕೆಲಸಕ್ಕೆ ನಮ್ಮ ಆಡುಮಾತಿನಲ್ಲಿ ಸೊಗಸಾದ ಪದವೊಂದಿದೆ: ಹೌಸು. ಮರಾಠಿಯಲ್ಲಿ ಅದು ‘ಹೌಸ್’. ‘ಹೌಸೇಲಾ ಮೋಲ್ ನಾಹೀ’, ಹೌಸಿಗೆ ಬೆಲೆ ಕಟ್ಟಲಾಗದು ಎಂಬ ಗಾದೆಯನ್ನು ಮರಾಠಿ ಶಾಲೆಯ ಮೆಟ್ಟಿಲು ಹತ್ತಿದ ನನ್ನಂಥವರೆಲ್ಲ ಕೇಳಿಯೇ ಬೆಳೆದಿದ್ದೇವೆ. ಮೂಲದಲ್ಲಿ ಇದು ಅರಬ್ಬಿಯ ‘ಹವಸ್’. ಉರ್ದುವಿನಲ್ಲಿ ಆ ಪದಕ್ಕೆ ಅತಿಯಾಸೆ, ಕಾಮನೆ ಎಂಬ ಅರ್ಥ ಉಳಿಯಿತು; ಮರಾಠಿ ಮತ್ತು ಕನ್ನಡಗಳಲ್ಲಿ ಅದು ಮನಸ್ಸಿನ ನಲಿವಾಗಿ ಮೆತ್ತಗಾಯಿತು. ಗಾಡಿಯ ಅಲಂಕಾರವೂ ಹೀಗೆಯೇ. ಒಂದು ತುದಿಯಲ್ಲಿ ಅದು ನಲಿವು, ಇನ್ನೊಂದು ತುದಿಯಲ್ಲಿ ಮದ.

ನಮ್ಮ ಹೌಸು ಟ್ರ್ಯಾಕ್ಟರಿನೊಂದಿಗೆ ಹುಟ್ಟಿದ್ದಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಝೂಲು ಹೊದಿಸಿದ ಕೈಗಳೇ ಇಂದು ಟ್ರ್ಯಾಕ್ಟರಿಗೆ ಗೊಂಡೆ ಕಟ್ಟುತ್ತಿವೆ. ಅದೇ ಜ್ಯೇಷ್ಠದ ಹುಣ್ಣಿಮೆ ತೆಲುಗರಿಗೆ ಏರುವಾಕ. ಮರಾಠಿಗರು ಶ್ರಾವಣದ ಅಮಾವಾಸ್ಯೆಯಂದು ಪೋಳಾ ಆಚರಿಸುತ್ತಾರೆ. ದುಡಿಯುವ ಜೊತೆಗಾರನನ್ನು ವರ್ಷಕ್ಕೊಮ್ಮೆ ಸಿಂಗರಿಸಿ ಮೆರೆಸುವ ಮರ್ಯಾದೆ ಮೂರು ಭಾಷೆಯವರಿಗೂ ಸಮಾನವಾದದ್ದು. ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಟ್ರ್ಯಾಲಿ ಜೋಡಿಸಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗಳು ನಡೆಯುತ್ತವೆ. ಎತ್ತಿನ ಓಟದ ಕಣದಲ್ಲಿ ಹುಟ್ಟಿದ ಹುರುಪು ಅಲ್ಲಿ ಎಂಜಿನ್ನಿಗೆ ದಾಟಿದೆ.

ಹಾಗೆಂದು ಎಲ್ಲ ಅಲಂಕಾರವನ್ನೂ ‘ನಮ್ಮ ಸಂಸ್ಕೃತಿ’ ಎಂದು ಹೊಗಳಿ ಕೈತೊಳೆದುಕೊಳ್ಳಲು ಬಾರದು. ಇಲ್ಲಿ ನೆರವಿಗೆ ಬರುವುದು ನಾವು ತರಗತಿಯಲ್ಲಿ ಓದುವ ಶಾಸ್ತ್ರವೇ. ತಾಂಡೂರಿನಿಂದ ರೈಲಿನಲ್ಲಿ ಸೇಡಂ ದಾಟಿದರೆ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ದ ಪರಿಚ್ಛೇದಗಳ ಕ್ರಮವನ್ನು ನೆನೆಯಿರಿ: ಮೊದಲು ದೋಷಗಳ ವಿಚಾರ, ಅನಂತರ ಶಬ್ದಾಲಂಕಾರ, ಕಡೆಗೆ ಅರ್ಥಾಲಂಕಾರ. ದೋಷವನ್ನು ಕಳೆದುಕೊಳ್ಳದೆ ಅಲಂಕಾರಕ್ಕೆ ಕೈಹಾಕಬಾರದೆಂಬ ಪಾಠವನ್ನು ಆ ಕ್ರಮದಿಂದಲೇ ಕಲಿಯಬಹುದು. ಇದು ಗಾಡಿಗೂ ಸಲ್ಲುವ ಮಾತು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಎರಡೆರಡು ಟ್ರ್ಯಾಲಿ ಎಳೆದುಕೊಂಡು ಸಾಗುವ ಟ್ರ್ಯಾಕ್ಟರಿನ ಮುಂದೆ ಬಣ್ಣಬಣ್ಣದ ದೀಪಗಳಿದ್ದು, ತಲೆಯ ಮೇಲೆ ಧ್ವನಿಪೆಟ್ಟಿಗೆಗಳು ಮೊರೆಯುತ್ತಿದ್ದು, ಟ್ರ್ಯಾಲಿಯ ಹಿಂದೆ ಒಂದು ಕೆಂಪು ಪ್ರತಿಫಲಕವೂ ಇಲ್ಲದಿದ್ದರೆ, ಆ ಹೌಸು ಹಿಂದಿನಿಂದ ಬರುವ ಬೈಕ್ ಸವಾರನ ಪ್ರಾಣಕ್ಕೆ ಎರವಾಗುತ್ತದೆ. ಹಿಂಬದಿಯ ಕೆಂಪು ಪ್ರತಿಫಲಕವೇ ಗಾಡಿಯ ಮೊದಲ ಅಲಂಕಾರ. ಈ ಮಾತನ್ನು ಮನೆಯ ಅಣ್ಣನಿಗೆ, ಕಾಕಾನಿಗೆ ಹೇಳುವ ಹಕ್ಕೂ ಹೊಣೆಯೂ ನಿಮ್ಮದು.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒತ್ತಿ ಹೇಳಿತು. 2015ರಲ್ಲಿ ಮಹಾರಾಷ್ಟ್ರ ಸರ್ಕಾರವು ಲಾರಿಗಳ ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆಯುವುದನ್ನು ನಿಷೇಧಿಸಿತು. ಆ ಬರಹ ಅನಗತ್ಯವಾಗಿ ಹಾರ್ನ್ ಬಾರಿಸಲು ಪ್ರೇರಣೆಯಾಗುತ್ತದೆ ಎಂಬುದು ಕಾರಣ. ಮೂರೇ ಪದಗಳ ಒಂದು ಬರಹ ಸರ್ಕಾರದ ಆಜ್ಞೆಗೆ ವಸ್ತುವಾಯಿತೆಂದರೆ ಅದರ ಬಲವನ್ನು ಊಹಿಸಿರಿ. ಬರಹಕ್ಕೆ ಪರಿಣಾಮವಿಲ್ಲವೆಂದು ಯಾರೂ ಹೇಳಲಾರರು.

ಈ ಬರಹಗಳನ್ನು ಓದಲು ನಮ್ಮಷ್ಟು ತಕ್ಕವರು ಬೇರೆ ಯಾರಿದ್ದಾರೆ? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡ ಭಾಗಗಳೂ ಕಲಬುರಗಿ ಜಿಲ್ಲೆಯಿಂದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಈಗ ನಾವು ತೆಲಂಗಾಣದವರು. ಗಡಿರೇಖೆ ಸರಿಯಿತು, ಮನೆಮಾತು ಉಳಿಯಿತು. ಪುಣೆಯಿಂದ ಸೋಲಾಪುರ, ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿನತ್ತ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿ ರಾಯಿಕೋಡಿನಿಂದ ಹೆಚ್ಚು ದೂರವಿಲ್ಲ. ಇರುಳು ಅಲ್ಲಿನ ಧಾಬಾಗಳ ಮುಂದೆ ನಿಂತ ಲಾರಿಗಳ ಫಲಕಗಳೇ ಒಂದು ಭಾಷಾ ನಕ್ಷೆ: ಕೆಎ 38 ಬೀದರ, ಕೆಎ 32 ಕಲಬುರಗಿ, ಎಂಎಚ್ 13 ಸೋಲಾಪುರ, ಎಂಎಚ್ 24 ಲಾತೂರು. ಒಂದರ ಮೇಲೆ ‘ತಂದೆ ತಾಯಿಯ ಆಶೀರ್ವಾದ’, ಇನ್ನೊಂದರ ಮೇಲೆ ‘ಆಈ ವಡಿಲಾಂಚಾ ಆಶೀರ್ವಾದ’, ಮತ್ತೊಂದರ ಮೇಲೆ ‘ತಲ್ಲಿದಂಡ್ರುಲ ದೀವೆನ’, ಮಗದೊಂದರ ಮೇಲೆ ‘ಮಾಂ ಕೀ ದುವಾ’. ಭಾವ ಒಂದೇ. ಆದರೆ ಯಾರು ತಂದೆಯನ್ನು ಮೊದಲು ಹೇಳಿದರು, ಯಾರು ತಾಯಿಯನ್ನು ಮೊದಲು ಹೇಳಿದರು, ಯಾರು ತಾಯಿಯೊಬ್ಬಳನ್ನೇ ನೆನೆದರು ಎಂಬಲ್ಲಿ ವ್ಯಾಕರಣವೂ ಇದೆ, ಕುಟುಂಬದ ಕಥೆಯೂ ಇದೆ. ಇಕ್ಕಟ್ಟಾದ ಜಾಗದಲ್ಲಿ ಹೆಚ್ಚು ಹೇಳುವ ಕೌಶಲ ನಮ್ಮ ಒಡಪಿನದು, ಮರಾಠಿಯ ಉಖಾಣೆಯದು. ಲಾರಿಯ ಬೆನ್ನು ಆ ಕುಲಕ್ಕೆ ಸೇರಿದ ಹೊಸ ಪ್ರಕಾರ.

ಇದು ಪಠ್ಯಕ್ರಮದ ಹೊರಗಿನ ಆಟವೆಂದು ಕೆಲವರು ಆಕ್ಷೇಪಿಸಬಹುದು. ಒಡಪು, ಒಗಟು, ಗಾದೆಗಳೂ ಒಂದು ಕಾಲಕ್ಕೆ ಪಠ್ಯದ ಹೊರಗೇ ಇದ್ದವು; ಯಾರೋ ಕುಳಿತು ಕೇಳಿ, ಬರೆದುಕೊಂಡ ಮೇಲೆ ಒಳಗೆ ಬಂದವು. ಇನ್ನು, ಈ ಕೆಲಸಕ್ಕೆ ಕಾಲವೂ ಹೆಚ್ಚು ಉಳಿದಿಲ್ಲ. ಹಿಂದೆ ಲಾರಿಯ ಚಾಸಿಯನ್ನು ಕೊಂಡು, ಮೇಲಿನ ಕಟ್ಟಡವನ್ನು ಊರಿನ ಬಡಗಿ, ಕಮ್ಮಾರ, ಪೇಂಟರುಗಳ ಕೈಯಲ್ಲಿ ಕಟ್ಟಿಸುವ ಪದ್ಧತಿ ವ್ಯಾಪಕವಾಗಿತ್ತು. ಈಗ ಕ್ಯಾಬಿನ್ನು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಸರಕು ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬೇಸಗೆಯಲ್ಲಿ ಬೇಯುವ ಚಾಲಕನಿಗೆ ಅದು ನ್ಯಾಯವಾದ ಸೌಲಭ್ಯ; ಅದನ್ನು ಹಳೆಯ ಚೆಲುವಿನ ಹೆಸರಿನಲ್ಲಿ ಅಲ್ಲಗಳೆಯುವುದು ಕ್ರೌರ್ಯ. ಆದರೆ ಕುಂಚದ ಬರಹ ಹೋಗಿ ರೇಡಿಯಂ ಸ್ಟಿಕ್ಕರು ಬಂದಾಗ ಊರಿನ ಪೇಂಟರನ ಅಕ್ಷರದ ಬಳುಕು, ಅವನ ಕಾಗುಣಿತ, ಅವನು ಒಂದೇ ಗಾಡಿಯ ಮೇಲೆ ಮೂರು ಲಿಪಿಗಳನ್ನು ಹೊಂದಿಸಿದ ಜಾಣ್ಮೆ ಮರೆಯಾಗುತ್ತವೆ. ಮರೆಯಾಗುವ ಮುನ್ನ ದಾಖಲಿಸುವುದು ಭಾಷಾ ವಿಭಾಗದ ಕರ್ತವ್ಯ.

ಆದ್ದರಿಂದ ನನ್ನ ಸಲಹೆ ಇಷ್ಟು. ಟೋಕಿಯೋದ ಮಾದರಿಯಲ್ಲಿ ನಮ್ಮ ವಿಭಾಗವೂ ಒಂದು ಇರುಳಿನ ಕ್ಷೇತ್ರಕಾರ್ಯ ಕೈಗೊಳ್ಳಲಿ. ಆದರೆ ಮಾರ್ಗದರ್ಶಕರು ಅಧ್ಯಾಪಕರಾಗದೆ, ಗಾಡಿಯ ಚಾಲಕರೇ ಆಗಲಿ. ಹಿರಿಯರ ಒಪ್ಪಿಗೆ ಪಡೆದು, ಅಧ್ಯಾಪಕರ ಜೊತೆಯಲ್ಲಿ, ಗುಂಪಾಗಿ ಹೋಗಬೇಕು. ರಸ್ತೆಯ ಅಂಚಿನಲ್ಲಿ ನಿಲ್ಲದೆ ಧಾಬಾದ ಅಂಗಳದಲ್ಲಿ ಕುಳಿತುಕೊಳ್ಳಬೇಕು. ಕಾಕಾ, ಅಣ್ಣಾ, ಭಾಯಿ ಎಂದು ಅವರವರ ಭಾಷೆಯಲ್ಲಿ ಮಾತನಾಡಿಸಿ, ಅನುಮತಿ ಕೇಳಿ, ಆಮೇಲೆ ಬರೆದುಕೊಳ್ಳಬೇಕು. ಮಲಗಿದ ಚಾಲಕನನ್ನು ಎಬ್ಬಿಸಬಾರದು. ಅವನ ನಿದ್ದೆ ನಮ್ಮ ಸಂಶೋಧನೆಗಿಂತ ದೊಡ್ಡದು. ಬರಹ, ಲಿಪಿ, ಭಾಷೆ, ಗಾಡಿಯ ಜಿಲ್ಲೆ, ಕುಂಚವೋ ಸ್ಟಿಕ್ಕರೋ ಎಂಬ ವಿವರ, ಆ ಸಾಲನ್ನು ಆರಿಸಿದವರು ಯಾರು, ಏಕೆ ಆರಿಸಿದರು ಎಂಬ ಉತ್ತರ ಇಷ್ಟನ್ನು ಗುರುತು ಹಾಕಿಕೊಂಡರೆ ಸಾಕು. ಯಾರ ಹೆಸರೂ ಗಾಡಿಯ ಪೂರ್ಣ ಸಂಖ್ಯೆಯೂ ಬೇಕಿಲ್ಲ. ಚಹಾದ ದುಡ್ಡು ನಾವು ಕೊಡೋಣ. ಬರೆದದ್ದನ್ನು ಅಲ್ಲಿಯೇ ಅವರಿಗೆ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಳ್ಳೋಣ.

ಗಡಿಯಾಚೆಯ ಕನ್ನಡವನ್ನು ನೋಡಲು ಬರುವವರು ಆಗಾಗ ಇರುತ್ತಾರೆ. ಬಂದು, ‘ಇಲ್ಲಿಯೂ ಕನ್ನಡ ಇದೆಯೇ’ ಎಂದು ಬೆರಗಾಗಿ, ನಾಲ್ಕು ಚಿತ್ರ ತೆಗೆದುಕೊಂಡು ತೆರಳುತ್ತಾರೆ. ಅವರ ಬೆರಗು ಒಳ್ಳೆಯದೇ. ಆದರೆ ಅದರಿಂದ ಭಾಷೆ ಬದುಕದು. ಒಳಗಿನವರು ತಮ್ಮ ಸುತ್ತಲಿನ ಅಕ್ಷರವನ್ನು ತಾವೇ ಓದಿ, ದೋಷವಿದ್ದಲ್ಲಿ ತಿದ್ದಿ, ಚೆಲುವಿದ್ದಲ್ಲಿ ಕಾಪಿಟ್ಟುಕೊಂಡರೆ ಮಾತ್ರ ಭಾಷೆ ಉಳಿದೀತು. ನಾಲ್ಕು ಭಾಷೆಗಳ ಕೂಡುದಾರಿಯಲ್ಲಿ ಬೆಳೆದ ನೀವು ಪರರಿಗೆ ದಾರಿ ತೋರಬಲ್ಲಿರಿ. ಕಬ್ಬಿನ ಹಂಗಾಮು ಆರಂಭವಾಗುವ ಮೊದಲು ಒಂದು ಶನಿವಾರವನ್ನು ನಿಗದಿ ಮಾಡೋಣ; ಬರುವವರು ನೋಟುಪುಸ್ತಕದ ಜೊತೆಗೆ ಒಂದು ಸುರುಳಿ ಕೆಂಪು ಪ್ರತಿಫಲಕ ಪಟ್ಟಿಯನ್ನೂ ತರಲಿ. ಅದಿಲ್ಲದ ಟ್ರ್ಯಾಲಿ ಕಂಡರೆ, ಮಾಲೀಕರ ಅನುಮತಿ ಪಡೆದು, ಮೊದಲು ಅದನ್ನು ಅಂಟಿಸಿ ಆಮೇಲೆ ಬರಹವನ್ನು ಓದೋಣ.